ಬಿಟ್ಟಿ ದುಡಿದವ್ರನ್ನ ಕಳ್ಳರು ಅನಬ್ಯಾಡ್ರಿ

ಮೊನ್ನೆ ಊಟಕ್ಕ ಕೂತಾಗ ನನ್ನ ಮಗಾ ಆಡೋ ಜಪಾನಿ ವಿಡಿಯೋ ಗೇಮಿನ ಮಾತು ಬಂತು. ಅದನ್ನ ಇಂಗ್ಲಿಷಿಗೆ ತಂದವ್ರು ಕಂಪನಿಯವ್ರಲ್ಲ, ಆ ಗೇಮ್ ಹಚ್ಚಿಕೊಂಡ ಮಂದಿ. "ಅವ್ರಿಗೆ ಯಾರು ಮಾಡ್ರಿ ಅಂದಿದ್ರು ವೈನಿ? ಕಳ್ಳರು!" ಅಂದ ನಮ್ಮ ಮೈದುನ. ನನಗ ಸಿಟ್ಟು ಬಂತು ನೋಡ್ರಿ.

ಗೇಮಿನ ಹೆಸರು 'ಮದರ್ 3'. ನಿಂಟೆಂಡೊ ಕಂಪನಿದು, ಕಥಿ ಶಿಗೆಸಾತೊ ಇತೋಯಿ ಅವರದು. 2006ರಾಗ ಜಪಾನಿನಾಗ ಬಂತು. ಅವಳಿ ಹುಡುಗ್ರ ಅವ್ವ ಸಾಯ್ತಾಳ. ಆಮ್ಯಾಲೆ ಮನಿ, ಊರು ಹೆಂಗ ಒಡದು ಹೋಗ್ತಾವ ಅನ್ನೋದ ಕಥಿ. ಮಗಾ ಓದಿ ಹೇಳಿದಾಗ ನಾನೂ ಸೆರಗಿಗೆ ಕಣ್ಣು ಒರಸ್ಕೊಂಡೆ. ಇಂಥಾದ್ದನ್ನ ಕಂಪನಿ ಇಂಗ್ಲಿಷಿಗೆ ತರಲೇ ಇಲ್ಲ. 2024ರಾಗ ಮತ್ತ ಹೊರಗ ತಗದ್ರು, ಅದೂ ಜಪಾನಿಗಷ್ಟ.

ಕ್ಲೈಡ್ ಮ್ಯಾಂಡೆಲಿನ್ ಅಂತ ಒಬ್ಬರು, ಅನುವಾದನ ಅವ್ರ ಹೊಟ್ಟಿಪಾಡು. ಜೊತಿಗಾರರನ್ನ ಕೂಡಿಸ್ಕೊಂಡು ದುಡಿದು 2008ರಾಗ ಮುಗಿಸಿದ್ರು. ಬರೇ ಮಾತು ಬದಲಿ ಮಾಡೋದಲ್ರಿ. ಜಪಾನಿ ಅಕ್ಷರ ಎಲ್ಲಾ ಒಂದ ಅಗಲ. ಇಂಗ್ಲಿಷಿನ 'ಐ' ಸಣಕಲ, 'ಡಬ್ಲ್ಯೂ' ದಪ್ಪ. ಒಬ್ಬಾಕಿ ಅಳತಿ ಕುಬಸಾ ಇನ್ನೊಬ್ಬಾಕಿಗೆ ಬರಬೇಕಂದ್ರ ಹೊಲಿಗಿ ಬಿಚ್ಚಿ ಮತ್ತ ಹೊಲೀಬೇಕಲ್ಲಾ, ಹಂಗ ಗೇಮಿನ ಒಳಗಿನ ಕೋಡ್ ಬಿಚ್ಚಿ ಹೊಲಿದ್ರು. ಒಂದು ಪೈಸಾ ತಗೊಳ್ಳಿಲ್ಲ. ಮ್ಯಾಲೆ, ಬೇಕಾದ್ರ ಈ ಅನುವಾದ ಪುಕ್ಕಟ ತಗೋರಿ ಅಂತ ಕಂಪನಿಗೇ ಹೇಳಿದ್ರು.

ಅವ್ರು ಹಂಚಿದ್ದು ಗೇಮ್ ಅಲ್ಲ, ಪ್ಯಾಚ್ ಅಷ್ಟ. ನಮ್ಮ ಮಾತಿನಾಗ ತ್ಯಾಪಿ. ಗೇಮ್ ಇದ್ದವ್ರು ಅದಕ್ಕ ಹಚ್ಚಿಕೋಬೇಕು. ಗೇಮನ್ನೇ ಪುಕ್ಕಟ ಇಳಿಸ್ಕೊಳ್ಳೋದು ನನಗೂ ಒಪ್ಪಿಗಿಲ್ಲ. ರೊಕ್ಕಾ ಕೊಟ್ಟು ಹಳೇ ಕಾರ್ಟ್ರಿಜ್ ತರಿಸ್ಕೋ ಅಂದೆ, ಮಗಾ ತರಿಸ್ಯಾನ. ಕಥಿ ಕಂಪನಿದು, ಕಾಯ್ದೆ ಪ್ರಕಾರ ಅನುವಾದಕ್ಕ ಅವ್ರ ಒಪ್ಪಿಗಿ ಬೇಕು, ಅದೂ ಖರೆ. ಆದ್ರ ತಾವೂ ಬಡಸಂಗಿಲ್ಲ, ಬಡಸಾಕ ಬಂದವ್ರಿಗೆ ಸೌಟೂ ಕೊಡಂಗಿಲ್ಲ ಅಂದ್ರ, ಪಂಕ್ತಿಯೊಳಗ ಕೂತವ್ರು ಖಾಲಿ ಎಲಿ ನೋಡ್ಕೋತ ಕೂಡಬೇಕೇನ್ರಿ? ಕಾಯ್ದೆ ಮುರಿಯೋದು ಬ್ಯಾರೆ, ಕಳುವು ಬ್ಯಾರೆ. ಇವ್ರು ಯಾರ ಗಲ್ಲಾಪೆಟ್ಟಿಗಿಗೂ ಕೈ ಹಾಕಿಲ್ಲ. ಆ ಭಾಷಾದಾಗ ಅಂಗಡೀನ ತಗದಿರಲಿಲ್ಲ.

ಪಗಾರ ಇಲ್ಲದ ದುಡಿಮಿ ಅಂದ್ರ ಮಂದಿಗೆ ಯಾವಾಗಲೂ ಸಸಾರ. ಅದು ನಮಗ ಗೊತ್ತಿಲ್ಲೇನು ಅಕ್ಕಾರ? ಅದಕ್ಕ ಮೈದುನಗ ಕೇಳಿದೆ: "ನೀ ಈಗ ಉಣ್ಣಲಿಕ್ಕತ್ತೀಯಲ್ಲಾ ಹೋಳಿಗಿ, ಇದನ್ನ ಮಾಡು ಅಂತ ನನಗ ಯಾರು ಅಂದಿದ್ರಪಾ?"

ಸುಮ್ಮನ ಇನ್ನೊಂದು ಹಾಕಿಸ್ಕೊಂಡ.