ಸುಂಕದ ಮನೆಯ ಊರು

ಆಸ್ಟ್ರಿಯ ದೇಶದ ಲಿನ್ಜ್ ನಗರದಿಂದ ಡ್ಯಾನ್ಯೂಬ್ ನದಿಯ ಹರಿವಿನೊಡನೆ ಪೂರ್ವಕ್ಕೆ ಸುಮಾರು 20 ಕಿಲೋಮೀಟರು ಸಾಗಿದರೆ ಎಡದಂಡೆಯಲ್ಲಿ ಮೌಟ್‌ಹೌಸನ್ ಎಂಬ ಪುಟ್ಟ ಪೇಟೆಯೂರು ಕಾಣಿಸುತ್ತದೆ. ಆಲ್ಪ್ಸ್ ಪರ್ವತದಲ್ಲಿ ಹುಟ್ಟಿದ ಎನ್ಸ್ ನದಿ 254 ಕಿಲೋಮೀಟರು ಹರಿದು ಬಂದು, ಈ ಊರಿನ ಇದಿರಿಗೇ ಡ್ಯಾನ್ಯೂಬನ್ನು ಕೂಡಿಕೊಳ್ಳುತ್ತದೆ. ಎರಡು ಜಲಮಾರ್ಗಗಳು ಕಲೆಯುವ ಎಡೆಯಲ್ಲಿ ಸುಂಕದ ಕಟ್ಟೆ ಏಳದೆ ಇದ್ದೀತೆ? ಜರ್ಮನ್ ನುಡಿಯಲ್ಲಿ ‘ಮೌಟ್’ ಎಂದರೆ ಸುಂಕ. ಊರಿನ ಹೆಸರಿನ ಅರ್ಥವೇ ಸುಂಕದ ಮನೆಗಳೆಂದು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಬಲ್ಲರು. ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸನಾದರೋ ಹೇಳಿಕೊಳ್ಳುವ ಗೋಜಿಗೇ ಹೋಗಲಿಲ್ಲ. 1189ರಲ್ಲಿ ಜೆರೂಸಲೇಮಿನ ಧರ್ಮಯುದ್ಧಕ್ಕೆ ಹೊರಟಿದ್ದ ತನ್ನ ದಂಡಿನವರಿಂದಲೂ ಇಲ್ಲಿಯವರು ಸುಂಕ ಕೇಳಿದರೆಂದು ಊರಿಗೇ ಬೆಂಕಿ ಇಡಿಸಿದನು!

ಸುಟ್ಟ ಊರು ಮತ್ತೆ ಚಿಗುರಿತು. ಮುಂದೆ ಅದಕ್ಕೆ ಅನ್ನವಿತ್ತದ್ದು ಬೆನ್ನ ಹಿಂದಿನ ಗುಡ್ಡಗಳ ಗ್ರಾನೈಟ್ ಶಿಲೆ. ರಾಜಧಾನಿ ವಿಯೆನ್ನದ ಬೀದಿಗಳಿಗೆ ಹಾಸಿದ ಕಲ್ಲು ಇಲ್ಲಿಯ ಗಣಿಗಳದು. ಊರನ್ನು ಸಾಕಿದ ಆ ಕಲ್ಲೇ ಕಡೆಗೆ ಅದರ ಹೆಸರಿಗೆ ಮಸಿ ಬಳಿಯಿತು. 1938ರ ಮಾರ್ಚಿಯಲ್ಲಿ ಆಸ್ಟ್ರಿಯವನ್ನು ನುಂಗಿದ ಹಿಟ್ಲರನ ಸರಕಾರ, ಆಗಸ್ಟಿನಲ್ಲಿ ಒಂದು ಕಲ್ಲುಗಣಿಯ ಮಗ್ಗುಲಲ್ಲೇ ಸೆರೆಶಿಬಿರವನ್ನು ತೆರೆಯಿತು. ಗಣಿಯ ತಳದಿಂದ ಮೇಲಕ್ಕೆ 186 ಮೆಟ್ಟಿಲು. ಹಸಿವಿನಿಂದ ಬಡಕಲಾದ ಬಂದಿಗಳು ಬೆನ್ನ ಮೇಲೆ ಕಲ್ಲು ಹೊತ್ತು ಅವನ್ನು ಏರಬೇಕು. ಮುಂದಿನವನು ಮುಗ್ಗರಿಸಿದರೆ ಹಿಂದಿನವರ ಮೇಲೆ ಕಲ್ಲೂ ಹೆಣವೂ ಕೂಡಿಯೇ ಉರುಳುವುವು. ಈ ಶಿಬಿರಕ್ಕೂ ಇದರ ಉಪಶಿಬಿರಗಳಿಗೂ ತಂದ ಸುಮಾರು 1,90,000 ಜನರಲ್ಲಿ 90,000 ಮಂದಿಯಾದರೂ ಮಡಿದರು.

ಆಗ ಸುತ್ತಣ ಊರಿನವರು ಏನು ಮಾಡುತ್ತಿದ್ದರು? ಈ ಪ್ರಶ್ನೆಯನ್ನು ಕೇಳದೆ ಇರಲಾಗದು. 1945ರ ಫೆಬ್ರವರಿ 2ರ ರಾತ್ರಿ 400ಕ್ಕೂ ಮಿಕ್ಕಿ ಸೋವಿಯತ್ ಬಂದಿಗಳು ಮುಳ್ಳುತಂತಿಯ ಬೇಲಿಗೆ ಒದ್ದೆ ಕಂಬಳಿ ಎಸೆದು, ಗೋಡೆ ಹಾರಿ ಹಿಮದಲ್ಲಿ ಓಡಿದರು. ಕಾವಲು ಪಡೆಯೊಡನೆ ಹಳ್ಳಿಗರಲ್ಲಿ ಹಲವರೂ ಬಂದೂಕು ಹಿಡಿದು ಬೆನ್ನಟ್ಟಿದರು. ಆ ಹತ್ಯೆಗೆ ಅವರಿಟ್ಟ ಹೆಸರು ‘ಮೊಲದ ಬೇಟೆ’. ಬದುಕಿ ಉಳಿದವರು ಬೆರಳೆಣಿಕೆಯಷ್ಟು.

ಅವರಲ್ಲಿ ಇಬ್ಬರು ಹತ್ತಿರದ ಶ್ವೆರ್ಟ್‌ಬೆರ್ಗಿನ ಬಳಿ ಲಾಂಗ್‌ಟಾಲರ್ ಎಂಬ ರೈತರ ಮನೆಯ ಕದ ತಟ್ಟಿದರು. ಆ ಮನೆಯ ಮಕ್ಕಳು ಹಿಟ್ಲರನ ಸೇನೆಯಲ್ಲಿ ಇದ್ದವರು. ತಾಯಿ ಮರಿಯ, ಬಂದವರೂ ಯಾರೋ ತಾಯಿಯ ಮಕ್ಕಳೆಂದು ಒಳಗೆ ಕರೆದುಕೊಂಡಳು. ಸೈನಿಕರು ಬಂದು ಮನೆಯನ್ನು ಶೋಧಿಸಿದರು. ಸಿಕ್ಕಿದ್ದರೆ ಇಡೀ ಸಂಸಾರಕ್ಕೆ ಮರಣವೇ ಗತಿ. ಸಿಕ್ಕಲಿಲ್ಲ. ಮೂರು ತಿಂಗಳು ಕಳೆದು, ಮೇ 5ರಂದು ಅಮೆರಿಕನ್ ಸೈನ್ಯ ಶಿಬಿರಕ್ಕೆ ಬಂದಾಗ ಆ ಇಬ್ಬರೂ ಬದುಕಿದ್ದರು.