ಕರಿನೀಲವೋ, ಬರೀ ಕಪ್ಪೋ

ಶಾಲೆಯಲ್ಲಿ ನಾಮಪದವನ್ನು ಮೂರು ಬಗೆ ಮಾಡಿ ಕಲಿಸುತ್ತಿದ್ದರು: ರೂಢನಾಮ, ಅಂಕಿತನಾಮ, ಅನ್ವರ್ಥನಾಮ. ಕಾರು ಕಂಪನಿಗಳು ಬಣ್ಣಗಳಿಗೆ ಇಡುವ ಹೆಸರು ನೋಡಲು ಅನ್ವರ್ಥನಾಮದ ಹಾಗಿರುತ್ತದೆ, ಆದರೆ ಅದು ಅಂಕಿತನಾಮ. ಕರಿಯಪ್ಪ ಎಂಬುವರು ಕಪ್ಪಗೇ ಇರಬೇಕೆಂದಿಲ್ಲವಲ್ಲ, ಹಾಗೆ. ಬಿಎಂಡಬ್ಲ್ಯೂದವರ 'ಕಾರ್ಬನ್ ಬ್ಲ್ಯಾಕ್' ಎಂಬ ಬಣ್ಣವನ್ನು ಬಿಸಿಲಲ್ಲಿ ನೋಡಿ. ಹೆಸರಿನಲ್ಲಿ ಕಪ್ಪು, ಮೈಯಲ್ಲಿ ಕಡುನೀಲಿ. ವಾಹನಗಳ ಬ್ರೋಷರ್ ಅನುವಾದಕ್ಕೆ ಬಂದಾಗಲೆಲ್ಲ ನನಗೆ ಒಂದು ಸೂಚನೆ ಜೊತೆಗೇ ಬರುತ್ತದೆ: ಬಣ್ಣದ ಹೆಸರನ್ನು ಮಾತ್ರ ಅನುವಾದಿಸಬೇಡಿ, ಕನ್ನಡ ಲಿಪಿಯಲ್ಲಿ ಬರೆದರೆ ಸಾಕು. ಭಾಷೆಯ ದೃಷ್ಟಿಯಿಂದ ಅದು ಸರಿಯಾದ ಸೂಚನೆ. ಗಿರಾಕಿಯ ದೃಷ್ಟಿಯಿಂದ ಅಲ್ಲ.

ಸಯನ್‌ನಲ್ಲಿರುವ ನನ್ನ ಭಾವ ಎರಡು ತಿಂಗಳಿಂದ ಸೆಕೆಂಡ್‌ಹ್ಯಾಂಡ್ ಬಿಎಂಡಬ್ಲ್ಯೂ ಜೆಡ್4 ಹುಡುಕುತ್ತಿದ್ದಾರೆ. ಎರಡೇ ಸೀಟಿನ, ನೆಲಕ್ಕೆ ಅಂಟಿದಂತಿರುವ ಈ ಗಾಡಿ ಸಯನ್‌ನ ಸ್ಪೀಡ್ ಬ್ರೇಕರುಗಳನ್ನು ಹೇಗೆ ದಾಟುತ್ತದೆ ಎಂಬುದು ಬೇರೆಯೇ ಲೇಖನದ ವಿಷಯ. 2014ರ ಮಾದರಿಯ ಎರಡು ಕಾರು ಕೊನೆಗೆ ಉಳಿದಿವೆ. ಒಂದು 'ಜೆಟ್ ಬ್ಲ್ಯಾಕ್', ಇನ್ನೊಂದು 'ಬ್ಲ್ಯಾಕ್ ಸಫೈರ್ ಮೆಟಾಲಿಕ್'. ಎರಡನೆಯದಕ್ಕೆ ಎರಡು ಲಕ್ಷ ಹೆಚ್ಚು ಕೇಳುತ್ತಿದ್ದಾರೆ. ಅಕ್ಕನ ಪ್ರಶ್ನೆ ನೇರವಾದದ್ದು: "ಎರಡೂ ಕಪ್ಪೇ ಅಲ್ವಾ, ಇದರಲ್ಲಿ ಆರಿಸೋದೇನು ಬಂತು?"

ಅಕ್ಕನ ಪರವಾಗಿ ವಾದಿಸಲು ಭಾಷಾವಿಜ್ಞಾನದಲ್ಲಿ ಸರಕಿದೆ. ಎಷ್ಟೇ ಕಡಿಮೆ ಬಣ್ಣಪದಗಳಿರುವ ಭಾಷೆಯಾದರೂ ಕಪ್ಪು ಬಿಳುಪಿಗೆ, ಅಂದರೆ ಕತ್ತಲು ಬೆಳಕಿಗೆ, ಪದವಿರುತ್ತದೆ. ನೀಲಿಗೆ ಪ್ರತ್ಯೇಕ ಪದ ಬರುವುದು ಎಷ್ಟೋ ತಡವಾಗಿ ಎಂದು ಬರ್ಲಿನ್ ಮತ್ತು ಕೇ 1969ರಲ್ಲಿ ವಾದಿಸಿದರು. ನಮ್ಮಲ್ಲಿ ಕಪ್ಪು ನೀಲಿಗಳ ಗಡಿ ಇವತ್ತಿಗೂ ಸಡಿಲ. ಕೃಷ್ಣ ಎಂದರೆ ಕಪ್ಪು, ಕ್ಯಾಲೆಂಡರಿನಲ್ಲಿ ಮಾತ್ರ ಅವನು ನೀಲಿ, ಯಾರಿಗೂ ತಕರಾರಿಲ್ಲ. ರಷ್ಯನ್ನರಿಗೆ ತಿಳಿನೀಲಿ, ಕಡುನೀಲಿ ಎರಡಕ್ಕೂ ಬೇರೆ ಬೇರೆ ಮೂಲಪದಗಳಿವೆ. ಆ ಗಡಿಯ ಎರಡು ಬದಿಯ ನೀಲಿಗಳನ್ನು ಅವರು ತುಸು ಬೇಗ ಬೇರ್ಪಡಿಸಿ ಗುರುತಿಸುತ್ತಾರೆ ಎಂದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಹಾಗೆಂದು ಪದವಿಲ್ಲದವರು ಕುರುಡರಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅಕ್ಕನಿಗೂ ವ್ಯತ್ಯಾಸ ಕಾಣುತ್ತದೆ. ಸೀರೆ ಅಂಗಡಿಯಲ್ಲಿ ಇದಕ್ಕಿಂತ ಸೂಕ್ಷ್ಮವಾದದ್ದು ಕಂಡಿದ್ದಾಳೆ.

ಕನ್ನಡಕ್ಕೆ ಕಪ್ಪಿನ ಬಡತನವೂ ಇಲ್ಲ. ಕಾರ್ಮೋಡ, ಕಾರ್ಗತ್ತಲೆಗಳಲ್ಲಿರುವ 'ಕಾರ್' ಎಂದರೇ ಕಪ್ಪು, ಆ ಲೆಕ್ಕದಲ್ಲಿ ಎಲ್ಲ ಕಾರೂ ಕರಿಯದೇ. ಕಬ್ಬಿಣ ಕೂಡ ಹಿಂದೆ 'ಕರ್ಬುನ', ಅಂದರೆ ಕರಿಯ ಲೋಹ. ಸಫೈರ್ ಎಂದರೆ ನೀಲಮಣಿ. ಅನುವಾದಿಸಬೇಡಿ ಎಂಬ ಸೂಚನೆ ಇಲ್ಲದಿದ್ದರೆ 'ಬ್ಲ್ಯಾಕ್ ಸಫೈರ್' ಅನ್ನು ನಾನು ಕರಿನೀಲ ಎನ್ನುತ್ತಿದ್ದೆ. ಆಗ ಗಿರಾಕಿಗೆ ಅರ್ಧ ವಿಷಯ ಅಲ್ಲೇ ತಿಳಿಯುತ್ತಿತ್ತು.

ಉಳಿದರ್ಧ ಬಣ್ಣದೊಳಗಿದೆ. ಜೆಟ್ ಬ್ಲ್ಯಾಕ್ ಸಾದಾ ಬಣ್ಣ. ಬ್ಲ್ಯಾಕ್ ಸಫೈರ್‌ನಲ್ಲಿ ಬೆಳಕನ್ನು ಚದುರಿಸುವ ಸಣ್ಣ ಸಣ್ಣ ಹರಳುಗಳಿವೆ. ಬಿಸಿಲಿಗೆ ಅದು ಮಿನುಗುತ್ತದೆ, ನೆರಳಿಗೆ ಬಂದರೆ ಎರಡೂ ಅವಳಿ ಮಕ್ಕಳು. ಸಂಜೆಯ ಮೇಲೆ ಹಳದಿ ದೀಪದಡಿ ಕಡುನೀಲಿ ಕಾರು ಕೂಡ ಕಪ್ಪಾಗಿಯೇ ಕಾಣುತ್ತದೆ. 2015ರಲ್ಲಿ ಮರೀನ್ ಡ್ರೈವಿನ ಹಳದಿ ದೀಪ ತೆಗೆದು ಬಿಳಿ ಎಲ್‌ಇಡಿ ಹಾಕಿದಾಗ ಮುಂಬೈಯಲ್ಲಿ ಎಷ್ಟು ಗದ್ದಲವಾಯಿತು ಎಂಬುದು ಇಲ್ಲಿಯವರಿಗೆ ನೆನಪಿರಬಹುದು. ದೀಪ ಬದಲಾದರೆ ಊರೇ ಬದಲಾಗುತ್ತದೆ, ಕಾರಿನ ಪಾಡೇನು? ಫೋನಿನಲ್ಲಿ ಬಂದ ಫೋಟೋ ನೋಡಿ ಎರಡು ಕಪ್ಪುಗಳ ನಡುವೆ ತೀರ್ಮಾನಿಸುವವರಿಗೆ ನಾನು ಹೇಳುವುದು ಇಷ್ಟೇ: ಹಾಗೆ ಮಾಡಬೇಡಿ.

ಆದರೆ ನಾನು ಹೆಚ್ಚು ಬೆಲೆಯ ಕರಿನೀಲದ ಪರ ನಿಂತಿರುವುದು ಮಿನುಗಿಗಾಗಿ ಅಲ್ಲ, ಬಕೆಟ್ಟಿಗಾಗಿ. ಮುಂಬೈಯ ಸೊಸೈಟಿಗಳಲ್ಲಿ ಬೆಳಿಗ್ಗೆ ಕಾರು ಒರೆಸುವ ಹುಡುಗ ಒಂದೇ ಬಕೆಟ್ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಹತ್ತು ಹನ್ನೆರಡು ಗಾಡಿ ಮುಗಿಸಬೇಕು. ತಿಂಗಳಿಗೆ ನಾವು ಕೊಡುವ ಹಣಕ್ಕೆ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಆ ಬಟ್ಟೆಯಲ್ಲಿ ಸೇರಿದ ಮರಳು ಬಣ್ಣದ ಮೇಲೆ ಜೇಡರ ಬಲೆಯಂಥ ಸುತ್ತುಗೀರುಗಳನ್ನು ಬಿಡುತ್ತದೆ. ಸಾದಾ ಕಪ್ಪಿನ ಮೇಲೆ ಅವು ಒಂದೊಂದೂ ಎದ್ದು ಕಾಣುತ್ತವೆ, ಹರಳಿರುವ ಬಣ್ಣದಲ್ಲಿ ಅರ್ಧಕ್ಕರ್ಧ ಮರೆಯಾಗುತ್ತವೆ. ಸಯನ್‌ನಲ್ಲಿ ಧೂಳಿಗೆ ಎಂದೂ ಬರವಿಲ್ಲ. 1912ರ ಹಳೆಯ ರೈಲು ಮೇಲ್ಸೇತುವೆಯನ್ನು ಕೆಡವಿ ಕಟ್ಟಲೆಂದು 2024ರ ಆಗಸ್ಟ್ 1ರಿಂದ ಮುಚ್ಚಿದ ಮೇಲಂತೂ ಸುತ್ತಲಿನ ರಸ್ತೆಗಳಲ್ಲಿ ನಿಂತ ಗಾಡಿಗಳನ್ನು ಕೇಳುವುದೇ ಬೇಡ. ಶೋರೂಮಿನ ಜೆಟ್ ಬ್ಲ್ಯಾಕ್ ಕನ್ನಡಿ, ಸಯನ್‌ನ ಜೆಟ್ ಬ್ಲ್ಯಾಕ್ ಸ್ಲೇಟು.

ಇದಕ್ಕೆ ಎದುರು ವಾದ ಒಂದಿದೆ, ಅದು ಗಟ್ಟಿಯೂ ಆಗಿದೆ. ಬಂಪರಿಗೆ ರಿಕ್ಷಾ ತಗುಲಿದರೆ ಸಾದಾ ಕಪ್ಪನ್ನು ಆ ಜಾಗಕ್ಕಷ್ಟೇ ಹಚ್ಚಿ ಹೊಂದಿಸುವುದು ಸುಲಭ. ಮೆಟಾಲಿಕ್‌ಗೆ ಹರಳು ಕೂರುವ ರೀತಿ ಸ್ವಲ್ಪ ಬದಲಾದರೂ ತೇಪೆ ಕಾಣುತ್ತದೆ, ಪಕ್ಕದ ಬಾಗಿಲಿನವರೆಗೂ ಬಣ್ಣವನ್ನು ಹಬ್ಬಿಸಬೇಕಾಗುತ್ತದೆ. ಗ್ಯಾರೇಜಿನ ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸಿದ ಎರಡು ಕಪ್ಪು ಮಧ್ಯಾಹ್ನದ ಬಿಸಿಲಲ್ಲಿ ಬೇರೆಯಾಗುವುದೂ ಉಂಟು. ಆದರೂ ರಿಕ್ಷಾ ತಗುಲುವುದು ವರ್ಷಕ್ಕೊಮ್ಮೆ, ಬಟ್ಟೆ ತಗುಲುವುದು ದಿನಾ. ನನ್ನ ಲೆಕ್ಕ ಇದು.

ಈ ಎರಡು ಲಕ್ಷಕ್ಕೆ ಒಂದು ಷರತ್ತಿದೆ. ಹನ್ನೆರಡು ವರ್ಷದ ಹಳೆಯ ಕಾರಿನ ಮೇಲೆ ಇರುವ ಬಣ್ಣ ಕಾರ್ಖಾನೆಯದೇ ಆಗಿರಬೇಕು. ಹೆಸರನ್ನು ಬಿಟ್ಟು ಸಂಖ್ಯೆ ಹಿಡಿಯಿರಿ: ಬಿಎಂಡಬ್ಲ್ಯೂ ಲೆಕ್ಕದಲ್ಲಿ ಜೆಟ್ ಬ್ಲ್ಯಾಕ್ 668, ಬ್ಲ್ಯಾಕ್ ಸಫೈರ್ 475. ಕಾರಿನ ಮೇಲಿನ ಕೋಡ್ ಬೇರೆ, ಕಣ್ಣಿಗೆ ಕಾಣುವ ಬಣ್ಣ ಬೇರೆಯಾದರೆ ನಡುವೆ ಏನೋ ನಡೆದಿದೆ. ಆರ್‌ಸಿಯಲ್ಲೂ ಬಣ್ಣ ನಮೂದಾಗಿರುತ್ತದೆ. ಬಣ್ಣದ ದಪ್ಪ ಅಳೆಯುವ ಕೈಮೀಟರ್ ಇರುವವರನ್ನು ಜೊತೆಗೆ ಕರೆದುಕೊಂಡು ಹೋಗಿ. ಸುತ್ತಲೆಲ್ಲ ನೂರು, ನೂರೈವತ್ತು ಮೈಕ್ರಾನ್ ತೋರಿಸಿ ಒಂದು ಬಾಗಿಲಲ್ಲಿ ಮಾತ್ರ ಮುನ್ನೂರು ದಾಟಿದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿದೆ, ಕೆಳಗೆ ಪುಟ್ಟಿಯೂ ಇರಬಹುದು. ಹಾಗಿದ್ದರೆ ಎರಡು ಲಕ್ಷ ಉಳಿಸಿ, ಸಾದಾ ಕಪ್ಪನ್ನೇ ತನ್ನಿ ಎಂದು ಭಾವನಿಗೆ ಹೇಳಿದ್ದೇನೆ.

ಈ ಊರಿನ ಅತಿ ಪ್ರಸಿದ್ಧ ಕಪ್ಪು ಕಾರಿಗೆ ಇಷ್ಟೆಲ್ಲ ವಿಚಾರಣೆ ನಡೆಯಲಿಲ್ಲ ಎಂಬುದೂ ನಿಜ. ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಪ್ಪು ಯಾವ ಕಪ್ಪು ಎಂದು ಯಾರೂ ಕೇಳಲಿಲ್ಲ. 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ತನ್ನ ಇಪ್ಪತ್ತು ವರ್ಷ ಮುಗಿಸಿ 2023ರಲ್ಲಿ ರಸ್ತೆಯಿಂದ ಇಳಿಯಿತು. ಅದು ದುಡಿಯುವ ಗಾಡಿ, ಇದು ಆಸೆಯ ಗಾಡಿ. ಆಸೆಗೆ ದುಡ್ಡು ಕೊಡುವವರು ಛಾಯೆಯನ್ನು ವಿಚಾರಿಸಿದರೆ ಅದನ್ನು ಷೋಕಿ ಎಂದು ನಗುವುದು ನನಗೆ ಸರಿ ಕಾಣುವುದಿಲ್ಲ.

ಭಾವನಿಗೆ ಇನ್ನೊಂದು ಮಾತನ್ನೂ ಹೇಳಿದ್ದೇನೆ: ಯಾವ ಕಪ್ಪು ಬಂದರೂ ಒರೆಸುವ ಹುಡುಗನಿಗೆ ನಾಲ್ಕು ಮೈಕ್ರೋಫೈಬರ್ ಬಟ್ಟೆ, ಇನ್ನೊಂದು ಬಕೆಟ್ ತಂದುಕೊಡಿ, ತಿಂಗಳ ಹಣವನ್ನೂ ದುಪ್ಪಟ್ಟು ಮಾಡಿ. ಎರಡು ಲಕ್ಷಕ್ಕೆ ಹೂಂ ಎಂದ ಅವರು ಇದಕ್ಕೆ ಇನ್ನೂ ಹೂಂ ಎಂದಿಲ್ಲ.