ಅರಸಾಳಿಗೆ ಬಂದು ಪಟ ತೆಗೆಸಿಕೊಂಡು ಹೋದರೆ ಸಾಕೆ?

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ರೈಲು ಹಾದಿಯಲ್ಲಿ, ಕುಂಸಿ ದಾಟಿದ ಮೇಲೆ, ಆನಂದಪುರಕ್ಕೆ ಮೊದಲು ಅರಸಾಳು ಎಂಬ ಪುಟ್ಟ ಸ್ಟೇಷನ್ ಸಿಗುತ್ತದೆ. ಅಲ್ಲಿನ ಹಳೇ ಕಟ್ಟಡವನ್ನು ರೈಲ್ವೆ ಇಲಾಖೆ ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಪಾಳುಬೀಳಬಹುದಾಗಿದ್ದ ಕಟ್ಟಡ ಉಳಿಯಿತು. ಹಿಂದೆ ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಗೇ ಈ ಕೆಲಸವೂ ಬಂತು. ಇದನ್ನು ಮಾಡಿಸಿದವರಿಗೆ ಜಿಲ್ಲೆಯ ಜನ ಋಣಿಗಳು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಗೋಡೆಗೆ ಬಣ್ಣ ಬಳಿದು ಗೊಂಬೆ ನಿಲ್ಲಿಸಿದ ಮಾತ್ರಕ್ಕೆ ಮ್ಯೂಸಿಯಂ ಆಗುವುದಿಲ್ಲ. ಜೋಗಕ್ಕೆ ಹೋಗುವವರು ಕಾರು ನಿಲ್ಲಿಸುತ್ತಾರೆ, ಬೋರ್ಡಿನ ಕೆಳಗೆ ನಿಂತು ಪಟ ತೆಗೆಸಿಕೊಳ್ಳುತ್ತಾರೆ, ಹೊರಡುತ್ತಾರೆ. ಹೋಗಲಿ, ಅದೂ ಬೇಕು. ನಮ್ಮ ತಕರಾರು ಅವರ ಮೇಲಲ್ಲ. ಇಲ್ಲಿ ವರ್ಷಕ್ಕೊಮ್ಮೆಯಾದರೂ ನಾಲ್ಕು ಜನ ಕೂತು, ಈ ಸ್ಟೇಷನ್ನಿಗೆ ಈ ಹೆಸರು ಯಾಕೆ ಬಂತು, ಆಗ ಇಲ್ಲಿ ಏನಾಯಿತು ಅಂತ ಮಾತಾಡುವ ಕಾರ್ಯಕ್ರಮ ಕಾಯಂ ಆಗಬೇಕು. ಅದಕ್ಕೆ ಉಳಿದಿರುವ ಕಾಲ ಬಹಳ ಇಲ್ಲ.

ಯಾಕೆ ಅಂತ ಹೇಳುತ್ತೇವೆ. ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದದ್ದು 1986-87ರಲ್ಲಿ. ಆಗುಂಬೆಯ ಬೀದಿ ಮಾಲ್ಗುಡಿಯ ಬೀದಿ ಆಯಿತು, ದೊಡ್ಡಮನೆ ಸ್ವಾಮಿಯ ಮನೆ ಆಯಿತು, ಅರಸಾಳು ಮಾಲ್ಗುಡಿಯ ರೈಲ್ವೆ ಸ್ಟೇಷನ್ ಆಯಿತು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ತೀರಿಹೋದರು, ಇನ್ನೂ 36 ತುಂಬಿರಲಿಲ್ಲ. ಆ ರಾಗ ಕೊಟ್ಟ ಎಲ್. ವೈದ್ಯನಾಥನ್ 2007ರಲ್ಲಿ, ಸ್ವಾಮಿಯ ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿ 2010ರಲ್ಲಿ, ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ 2015ರಲ್ಲಿ, ತಂದೆಯಾಗಿದ್ದ ಗಿರೀಶ್ ಕಾರ್ನಾಡ್ 2019ರಲ್ಲಿ ಹೋದರು. ಇವರೆಲ್ಲ ದೊಡ್ಡವರು. ಇವರ ಮಾತು, ಬರಹ, ಪಟ ಎಲ್ಲಾದರೂ ಸಿಕ್ಕೀತು.

ಸಿಗದಿರುವುದು ಉಳಿದವರದ್ದು. ಜಗಲಿ ಬಿಟ್ಟುಕೊಟ್ಟವರು, ಗುಂಪಿನಲ್ಲಿ ಬಂದು ನಿಂತವರು, ಎತ್ತಿನ ಗಾಡಿ ಹೊಡೆದವರು, ಮಳೆಗೆ ಶೂಟಿಂಗ್ ನಿಂತಾಗ ಕಾಫಿ ಕಾಯಿಸಿಕೊಟ್ಟವರು. ಅಂದು ಹತ್ತು ವರ್ಷದ ಹುಡುಗನಿಗೆ ಈಗ ಐವತ್ತರ ಹತ್ತಿರ. ಅಂದು ನಲವತ್ತು ಆಗಿದ್ದವರಿಗೆ ಎಂಬತ್ತು. ಇವರ ಮಾತನ್ನು ಒಂದು ಕಡೆ ರೆಕಾರ್ಡ್ ಮಾಡಿಟ್ಟು, ಬಂದವರಿಗೆ ಕೇಳಿಸುವ ಏರ್ಪಾಡು ಅರಸಾಳಿನಲ್ಲಿ ಆಗಬೇಡವೆ? ಪೇಟೆಯಿಂದ ತಂದ ಗೊಂಬೆಗಿಂತ, ಊರಿನ ಅಜ್ಜಿ ಒಬ್ಬರು "ಆ ಹುಡುಗ ನಮ್ಮ ಜಗಲಿ ಮೇಲೇ ಮಲಗ್ತಿದ್ದ ಮಾರಾಯ್ರೆ" ಅಂತ ಒಂದು ಮಾತು ಅಂದರೆ ಅದರ ತೂಕ ಬೇರೆ.

ಇನ್ನೊಂದು ಪ್ರಶ್ನೆ. ಧಾರಾವಾಹಿ ಬಂದ ಕಾಲಕ್ಕೆ ಮಲೆನಾಡಿನ ಎಷ್ಟು ಮನೆಯಲ್ಲಿ ಟಿವಿ ಇತ್ತು? ಇದ್ದಲ್ಲೂ ಗುಡ್ಡದ ಮರೆಗೆ ಆಂಟೆನಾ ತಿರುಗಿಸಿ ತಿರುಗಿಸಿ ಕೈ ಸೋತು ಹೋಗುತ್ತಿತ್ತು. ಹಿಂದಿ ಬೇರೆ. ಹಾಗಾಗಿ ಕ್ಯಾಮರಾ ಮುಂದೆ ನಿಂತ ನಮ್ಮವರು ತಮ್ಮನ್ನು ತಾವು ಸರಿಯಾಗಿ ನೋಡಿಕೊಂಡಿದ್ದಾರೋ ಇಲ್ಲವೋ. ಪ್ಲಾಟ್‌ಫಾರಂ ಪಕ್ಕ ಒಂದು ಪರದೆ ಕಟ್ಟಿ, ಆಗುಂಬೆಯವರನ್ನು ಒಂದು ಬಸ್ಸಿನಲ್ಲಿ ಕರೆತಂದು, ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸಿ. ಇದಕ್ಕೆ ಕೋಟಿ ಬೇಕಾಗಿಲ್ಲ.

ಸ್ಟೇಷನ್ನಿಗೂ ಮಾಲ್ಗುಡಿಗೂ ಇರುವ ಸಂಬಂಧ ಟಿವಿಯವರು ತಂದು ಅಂಟಿಸಿದ್ದಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. 1930ರಲ್ಲಿ, ವಿಜಯದಶಮಿಯ ಹೊತ್ತಿಗೆ, ಬೆಂಗಳೂರಿನಲ್ಲಿ ಕೂತು ಆರ್.ಕೆ. ನಾರಾಯಣ್ ಬರೆಯಲು ಹೊರಟಾಗ ಅವರ ಕಣ್ಣಿಗೆ ಮೊದಲು ಬಂದದ್ದೇ ಒಂದು ಪುಟ್ಟ ರೈಲ್ವೆ ಸ್ಟೇಷನ್. ಊರು ಅದರ ಹಿಂದೆ ಬಂತು. ಆ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಅಚ್ಚಾಯಿತು. ಅದು ಮುಗಿಯುವುದೂ ಸ್ಟೇಷನ್ನಿನಲ್ಲೇ. ಊರು ಬಿಟ್ಟು ಹೋಗುವ ಗೆಳೆಯ ರಾಜಂ ಕೈಗೆ ಒಂದು ಪುಸ್ತಕ ಮುಟ್ಟಿಸಬೇಕೆಂದು ಸ್ವಾಮಿ ಹೊರಡುತ್ತಿರುವ ರೈಲಿನ ಜೊತೆಗೆ ಓಡುತ್ತಾನೆ. 'ದಿ ಗೈಡ್' ಕಾದಂಬರಿಯ ರಾಜುವಿನ ಅಂಗಡಿಯೂ ಸ್ಟೇಷನ್ನಿನಲ್ಲೇ. ಅದನ್ನು 1965ರಲ್ಲಿ ಹಿಂದಿ ಸಿನಿಮಾ ಮಾಡಿದವರು ಮಾಲ್ಗುಡಿಯನ್ನು ಎತ್ತಿಕೊಂಡು ರಾಜಸ್ಥಾನಕ್ಕೆ ಹೋದರು. ನಾರಾಯಣ್‌ಗೆ ಅದು ಹಿಡಿಸಲಿಲ್ಲ, ಲೇಖನ ಬರೆದೇ ತೀರಿಸಿಕೊಂಡರು. 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್' ಮಾತ್ರ 1983ರಲ್ಲಿ ನಾಗಾಭರಣರ ಕೈಯಲ್ಲಿ 'ಬ್ಯಾಂಕರ್ ಮಾರ್ಗಯ್ಯ' ಆಗಿ ಕನ್ನಡಕ್ಕೆ ಬಂತು. ಲೋಕೇಶರ ಆ ಮಾರ್ಗಯ್ಯನನ್ನು ಈಗಿನ ಕಾಲೇಜು ಹುಡುಗರಲ್ಲಿ ಎಷ್ಟು ಜನ ನೋಡಿದ್ದಾರೆ?

ಮೈಸೂರಿನವರು ಮಾಲ್ಗುಡಿ ನಮ್ಮದು ಅನ್ನುತ್ತಾರೆ. ಅನ್ನಲಿ, ನಾರಾಯಣ್ ಬಾಳಿದ್ದು ಅಲ್ಲೇ. ಯಾದವಗಿರಿಯ ಅವರ ಮನೆಯನ್ನು 2011ರಲ್ಲಿ ಒಡೆಯಲು ಹತ್ತಿದಾಗ ಜನ, ಪತ್ರಿಕೆಗಳು ಕೂಗಾಡಿದ್ದರಿಂದ ಅದು ನಿಂತಿತು, 2016ರಲ್ಲಿ ಮ್ಯೂಸಿಯಂ ಆಯಿತು. ಕೂಗಾಡಿದರೆ ಕೆಲಸ ಆಗುತ್ತದೆ ಅನ್ನುವುದಕ್ಕೆ ಈ ಉದಾಹರಣೆ ಕೊಟ್ಟೆವು, ಅಷ್ಟೆ.

ಅರಸಾಳು ಸ್ಟೇಷನ್ನಿಗೆ ಮಾಲ್ಗುಡಿ ಅಂತಲೇ ಹೆಸರಿಡಬೇಕು ಎಂಬ ಮಾತೂ ಎದ್ದದ್ದುಂಟು. ಆ ಉತ್ಸಾಹಿಗಳು ನಾರಾಯಣರ 'ಲಾಲಿ ರೋಡ್' ಕಥೆ ಓದುವುದು ಒಳ್ಳೆಯದು. ಸ್ವಾತಂತ್ರ್ಯ ಬಂದ ಹುರುಪಿನಲ್ಲಿ ಮಾಲ್ಗುಡಿ ಮುನಿಸಿಪಾಲಿಟಿ ಬೀದಿಗಳ ಹೆಸರೆಲ್ಲ ಬದಲಾಯಿಸಿ, ಲಾಲಿ ಸಾಹೇಬರ ಪ್ರತಿಮೆ ಕಿತ್ತು ಹಾಕುತ್ತದೆ. ಆಮೇಲೆ ನೋಡಿದರೆ ಆತ ಊರಿಗೆ ಒಳ್ಳೆಯದು ಮಾಡಿ, ಪ್ರವಾಹದಲ್ಲಿ ಜನರನ್ನು ಉಳಿಸಲು ಹೋಗಿ ಸತ್ತ ಪುಣ್ಯಾತ್ಮ! ಆ ಪ್ರತಿಮೆ ಹೊತ್ತುಕೊಂಡು ಹೋಗಿ ಮನೆಯಲ್ಲಿಟ್ಟುಕೊಂಡು ಒದ್ದಾಡುವವನು ಒಬ್ಬ ಪತ್ರಿಕೆಯವನು ಅನ್ನುವುದು ನಮಗೆ ಸ್ವಲ್ಪ ಚುಚ್ಚುತ್ತದೆ, ಇರಲಿ. ಅರಸಾಳು ಅರಸಾಳಾಗಿಯೇ ಇರಲಿ. ಮಾಲ್ಗುಡಿ ಒಳಗೆ ಮ್ಯೂಸಿಯಂನಲ್ಲಿ ಸುಖವಾಗಿದೆ.

ನಮ್ಮ ಹೆಚ್ಚಿನ ಕಾಳಜಿ ಬೇರೆ. ಅರಸಾಳು ಇರುವುದು ಹೊಸನಗರ ತಾಲ್ಲೂಕಿನಲ್ಲಿ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದಾಗ ಈ ತಾಲ್ಲೂಕು, ಪಕ್ಕದ ಸಾಗರ ತಾಲ್ಲೂಕು ಸೇರಿ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಿಗೆ ಹೋಯಿತು. ಗದ್ದೆ, ತೋಟ, ದೇವಸ್ಥಾನ, ಸ್ಕೂಲು, ಊರಿಗೆ ಊರೇ. ಅದನ್ನು ಬರೆದಿಟ್ಟವರು ಸಾಗರದ ನಾ. ಡಿಸೋಜ. ಅವರ 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, 2001ರ ಸ್ವರ್ಣಕಮಲ ಅದಕ್ಕೆ ಬಂತು. ಅದಕ್ಕೂ ಮೊದಲು ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರ 'ಸಂಸ್ಕಾರ' (1970), 'ಘಟಶ್ರಾದ್ಧ' (1977) ಎರಡಕ್ಕೂ ಸ್ವರ್ಣಕಮಲ. ಒಂದೇ ಜಿಲ್ಲೆಯ ಇಬ್ಬರು ಲೇಖಕರ ಮೂರು ಕಥೆ, ಮೂರು ಸ್ವರ್ಣಕಮಲ. ಡಿಸೋಜ ಅವರು 2025ರ ಜನವರಿಯಲ್ಲಿ ತೀರಿಕೊಂಡರು. ಅವರನ್ನು ಅರಸಾಳಿನ ಪ್ಲಾಟ್‌ಫಾರಂ ಮೇಲೆ ಕೂರಿಸಿ ಮಾತಾಡಿಸುವ ಭಾಗ್ಯ ಇನ್ನು ಇಲ್ಲ.

ಎಂದೂ ಇಲ್ಲದ ಊರಿಗೆ ನಮ್ಮಲ್ಲಿ ಮ್ಯೂಸಿಯಂ ಇದೆ. ಸಂತೋಷ. ಇದ್ದು ಮುಳುಗಿದ ಊರುಗಳ ಹೆಸರು ಬರೆದ ಒಂದು ಹಲಗೆ ಅದೇ ಕಟ್ಟಡದಲ್ಲಿ ಇರಬೇಕು. ಮಾಲ್ಗುಡಿ ನೋಡಲು ಬಂದವರು 'ದ್ವೀಪ'ವನ್ನೂ ನೋಡಿಕೊಂಡು ಹೋಗಲಿ. ನಾರಾಯಣ್ ಏನೂ ಬೇಸರಪಡುತ್ತಿರಲಿಲ್ಲ.

ಯಾರು ಮಾಡಬೇಕು? ಕಟ್ಟಡ ರೈಲ್ವೆಯದ್ದು, ಸಂಸ್ಕೃತಿ ಇಲಾಖೆ ರಾಜ್ಯದ್ದು, ಫೈಲು ಇವೆರಡರ ನಡುವೆ ಓಡಾಡುತ್ತ ಇರಲಿ ಅಂದರೆ ಆಗಲಿಲ್ಲ. ಜಿಲ್ಲಾಧಿಕಾರಿಗಳು ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಲಿ. ಸಲಹೆಗೆ ದೂರ ಹೋಗಬೇಕಾಗಿಲ್ಲ. ಹೆಗ್ಗೋಡಿನ ನೀನಾಸಂನವರು ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ ಜಗತ್ತಿನ ಒಳ್ಳೊಳ್ಳೆ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿದವರು.

ದಿನವನ್ನೂ ನಾವೇ ಸೂಚಿಸುತ್ತೇವೆ. ಶಂಕರ್ ನಾಗ್ ತೀರಿಕೊಂಡದ್ದು ಸೆಪ್ಟೆಂಬರ್ 30, ನಾರಾಯಣ್ ಹುಟ್ಟಿದ್ದು ಅಕ್ಟೋಬರ್ 10. ಎರಡೂ ದಿನ ಸೇರಿ ಹನ್ನೊಂದು ದಿನ. ಮಳೆಯ ಜೋರೂ ಇಳಿದಿರುತ್ತದೆ, ದಸರಾ ರಜೆಯೂ ಆಸುಪಾಸಿನಲ್ಲೇ ಬರುತ್ತದೆ. ರೈಲಿನ ವೇಳೆ ನೋಡಿಕೊಂಡು ಕಾರ್ಯಕ್ರಮ ಹಾಕಿದರೆ ಶಿವಮೊಗ್ಗ, ಸಾಗರದ ಶಾಲೆ ಮಕ್ಕಳು ರೈಲಿನಲ್ಲೇ ಬಂದು ಹೋಗಬಹುದು. ಸ್ವಾಮಿಯ ಕಥೆ ಕೇಳಲು ರೈಲು ಹತ್ತಿ ಬರುವುದೇ ಅವರಿಗೆ ಅರ್ಧ ಖುಷಿ.

ರೆಕಾರ್ಡ್ ಮಾಡುವ ಕೆಲಸ ಮಾತ್ರ ಅಲ್ಲಿಯತನಕ ಕಾಯುವುದು ಬೇಡ. ಯಾರಾದರೂ ಇಬ್ಬರು ಈ ಬೇಸಿಗೆಯಲ್ಲೇ ಆಗುಂಬೆಗೆ ಹೋಗಲಿ. ಜೂನ್ ಹಿಡಿಯಿತು ಅಂದರೆ ಅಲ್ಲಿ ಮಳೆಯ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲ.